ಐವತ್ತಕ್ಕೆ ಕಣ್ಣಿಟ್ಟ ಮಾವ

ಮಸ್ಕಿಯಲ್ಲಿರುವ ನನ್ನ ಸೋದರಮಾವ ಒಂದು ದಿನ ಕಣ್ಣು ಮುಚ್ಚಿ ಮಲಗಿಬಿಟ್ಟರೆ ಇಡೀ ಭಾರತ ಕತ್ತಲಲ್ಲಿ ಮುಳುಗುತ್ತದೆ. ಇದು ನನ್ನ ಮಾತಲ್ಲ, ಅವರದೇ! ಸಬ್‌ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಪಾಳಿ ಮಾಡಿ ನಿವೃತ್ತರಾದವರು. ಬೇರೆಯವರಾದರೆ ಗುಡಿಯ ಕಟ್ಟೆ ಹಿಡಿಯುತ್ತಾರೆ, ಬಿಪಿ ಮಾತ್ರೆಯ ಬಗ್ಗೆ ಚರ್ಚಿಸುತ್ತಾರೆ. ಮಾವ ಪಡಸಾಲೆಯಲ್ಲಿ ಮನೆದೇವರ ಫೋಟೊ ಪಕ್ಕಕ್ಕೆ ಸರಿಸಿ ಒಂದು ಫ್ರೀಕ್ವೆನ್ಸಿ ಮೀಟರ್ ತೂಗುಹಾಕಿದರು. ಅದರಲ್ಲಿ ಐವತ್ತು ಎಂದು ಕಂಡರೆ ಮನೆಯಲ್ಲಿ ಹಬ್ಬ. ನಲವತ್ತೊಂಬತ್ತು ಚಿಲ್ಲರೆ ಕಂಡರೆ ಸೂತಕ. ಆಗ ಫ್ಯಾನು, ಟಿವಿ, ಫ್ರಿಜ್ಜು ಎಲ್ಲವೂ ಬಂದ್.

ಏನಿದು ಐವತ್ತು ಎಂದು ಕೇಳಿ ನಾನು ಒಮ್ಮೆ ಸಿಕ್ಕಿಬಿದ್ದೆ.

"ಬಂಡಿ ನೋಡೀಯಿಲ್ಲೋ? ಹೇರು ಹೆಚ್ಚಾದ್ರ ಎತ್ತಿನ ಹೆಜ್ಜಿ ನಿಧಾನಾಕ್ಕತಿ. ಕರೆಂಟ್ ತಯಾರ್ ಮಾಡೋ ಚಕ್ರನೂ ಹಂಗ. ಮಂದಿ ಒಮ್ಮಿಗೇ ಜಾಸ್ತಿ ಎಳದ್ರ ದೇಶದಾಗಿನ ಎಲ್ಲಾ ಚಕ್ರನೂ ಕೂಡೇ ನಿಧಾನ ಆಗ್ತಾವು. ಆವಾಗ ಎಲ್ಲಾ ಕಡಿ ಒಂದೀಟು ನೀರು, ಒಂದೀಟು ಉಗಿ ಹೆಚ್ಚಿಗಿ ಬಿಟ್ಟು ಕರೆಂಟಿನ ಮಿಡಿತ ಮತ್ತ ಸೆಕೆಂಡಿಗೆ ಐವತ್ತಕ್ಕ ತರ್ತಾರ."

"ಅವ್ರು ತರ್ತಾರಲ್ಲ ಮಾಮಾ, ನೀವ್ಯಾಕ ಫ್ಯಾನ್ ಆರಸ್ತೀರಿ?"

"ಅವ್ರು ತರೋತನಕ ಯಾರರ ಹಿಡಕೊಂಡಿರಬೇಕಲ್ಲ?"

ಇಂಥವರಿಗೆ ಏನು ಹೇಳುತ್ತೀರಿ?

ಒಮ್ಮೆ ಅವರ ದೇಶಸೇವೆ ತುರ್ವಿಹಾಳದವರೆಗೂ ಹೋಯಿತು. ಕಾಲುವೆ ಸೀಮೆಯಲ್ಲಿ ಪಂಪಿನ ಸ್ವಿಚ್ ಆರಿಸುವ ಪದ್ಧತಿಯೇ ಇಲ್ಲ. ಆಟೋ ಸ್ಟಾರ್ಟರ್ ಹಚ್ಚಿಟ್ಟು ಮನೆಗೆ ಹೋಗುತ್ತಾರೆ. ತ್ರೀಫೇಸ್ ಬಂದದ್ದೇ ತಡ, ಅಷ್ಟೂ ಮೋಟರುಗಳು ಒಟ್ಟಿಗೇ ಎದ್ದು, ಮರುಗಳಿಗೆಯಲ್ಲಿ ಲೈನೇ ಹೋಗುತ್ತದೆ. ಮಾವ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಉಪದೇಶ ಮಾಡಿದರು. ಒಬ್ಬರಾದ ಮೇಲೆ ಒಬ್ಬರು, ಐದೈದು ನಿಮಿಷ ಬಿಟ್ಟು ಹಚ್ಚಿ ಅಂತ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಒಬ್ಬ ರೈತ, "ಅದೇನೋ ಖರೇನ ರೀ, ಆದ್ರ ಮೊದಲ ಯಾರ್ದು?" ಎಂದ. ಅಲ್ಲಿಗೆ ತಕರಾರು ಶುರು! ಕೊನೆಗೆ ಚೀಟಿ ಎತ್ತಿಸಿದರು. ಕಡೆಯ ನಂಬರಿನ ಚೀಟಿ ಬಂದವನು ಅದನ್ನು ಬಾಯಿಗೆ ಹಾಕಿಕೊಂಡು ನುಂಗಿದನಂತೆ.

ಇಷ್ಟೆಲ್ಲ ಸಹಿಸಿದ್ದು ನಮ್ಮ ಅತ್ತೆ. ಮುದಗಲ್ಲಿನ ತವರಿನಿಂದ ತಮ್ಮನ ಸಂಸಾರ ಬಂದ ದಿನ ಮಾತ್ರ ಅವರ ತಾಳ್ಮೆ ಮುಗಿಯಿತು. ಹೋಳಿಗೆಗೆ ಹೂರಣ ರುಬ್ಬುತ್ತಿದ್ದರು. ಮಾವ ಓಡಿಬಂದು ಮಿಕ್ಸಿಯ ಪ್ಲಗ್ಗನ್ನೇ ಕಿತ್ತರು.

"ಅಲ್ಲಿ ದೇಶ ಕುಸ್ಯಾಕತ್ತೈತಿ, ನೀ ಇಲ್ಲಿ ಹೂರಣ ರುಬ್ಬಾಕತ್ತೀ."

ಬೀಗರು ಇಡಿ ಬೇಳೆಯ ಹೋಳಿಗೆಯನ್ನು ಮರ್ಯಾದೆಯಿಂದ ತಿಂದರು. ಮರುದಿನ ಅತ್ತೆ ತಮ್ಮನ ಜೊತೆ ಹೊರಟೇಬಿಟ್ಟರು. "ಆ ಮೀಟರ್ ಗ್ವಾಡಿಯಿಂದ ಇಳದ ದಿನ ಬರ್ತೀನಿ. ಅಲ್ಲೀತನಕ ಅದರ ಕೂಡ ಸಂಸಾರ ಮಾಡ್ರಿ" ಎಂದದ್ದು ಇಡೀ ಓಣಿಗೆ ಕೇಳಿಸಿತು.

ತಿಂಗಳಾಯಿತು. ಮೀಟರ್ ಇಳಿಯಲಿಲ್ಲ, ಅತ್ತೆ ಬರಲಿಲ್ಲ. ಮಾವ ಖಾನಾವಳಿಯ ಡಬ್ಬಿ ತರಿಸಿಕೊಂಡು ಅರ್ಧ ಉಂಡು ಅರ್ಧ ಬಿಡುತ್ತಿದ್ದರು. ಅಂಗಿ ಅವರ ಮೈಮೇಲೆ ಜೋತಾಡುತ್ತಿತ್ತು. ಮೂವತ್ತೈದು ವರ್ಷದ ಸಂಸಾರ ಒಂದು ಮೀಟರಿಗೆ ಮುರಿಯುತ್ತದೆಯೇ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೆಯನ್ನು ಕರೆತರಲು ನಾನಿರುವ ಸಿಂಧನೂರಿನಿಂದ ಹೊರಟು, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಮುದಗಲ್ ಮುಟ್ಟಿದಾಗ ದೀಪ ಹಚ್ಚುವ ಹೊತ್ತು.

ಅತ್ತೆ ಬೆವರಿನಲ್ಲಿ ತೊಯ್ದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು.

"ಕರೆಂಟ್ ಹೋಗೈತೇನತ್ತಿ?"

"ಐತಿ."

ನಾನು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದೆ.

"ಹಚ್ಚಬ್ಯಾಡ. ಈ ಹೊತ್ತಿನ್ಯಾಗ ಸೋಲಾರ್ ಮಲಗತೈತಿ, ಎಲ್ಲಾರ ಮನ್ಯಾಗ ದೀಪ ಹತ್ತತಾವು. ಅಲ್ಲಿ ಮೀಟರ್ ಐವತ್ತರ ಕೆಳಗ ಇಳೀತೈತಿ. ಇಳದ್ರ ನಿಮ್ಮ ಮಾಮಾ ಊಟದ ಮ್ಯಾಲಿಂದ ಎದ್ದಬಿಡ್ತಾರ."

ದೇಶಕ್ಕೆಲ್ಲ ಒಂದೇ ಐವತ್ತು. ಮುದಗಲ್ಲಿನದೂ ಮಸ್ಕಿಯದೂ ಬೇರೆಯಲ್ಲ. ಅಷ್ಟನ್ನು ಅತ್ತೆಯೂ ಕಲಿತಿದ್ದರು. ನಾನು ದಡ್ಡ, ಬಾಯಿಬಿಟ್ಟೆ. "ಅತ್ತಿ, ಒಂದು ಫ್ಯಾನಿನಿಂದ ಏನಾಕ್ಕತಿ?"

"ನನಗ ಗೊತ್ತಿಲ್ಲೇನು?" ಎಂದರು ಅತ್ತೆ.

ನಾನು ಮಾವನಿಗೆ ಫೋನ್ ಹಚ್ಚಿ, ಮೀಟರ್ ಎಷ್ಟಿದೆ ಎಂದು ಕೇಳಿದೆ. "ಈಗ ಐವತ್ತಕ್ಕ ಬಂತು ನೋಡು" ಎಂದರು. ಊಟ ಆಯಿತೇ ಎಂದು ಕೇಳುವಂತೆ ಅತ್ತೆ ನನಗೆ ಕೈಸನ್ನೆ ಮಾಡಿದರು, ಕೇಳಿದೆ. "ಈಗ ಕೂಡ್ತೀನಿ" ಎಂದರು ಮಾವ.

ಅತ್ತೆ ಎದ್ದು ಫ್ಯಾನ್ ಹಚ್ಚಿದರು. ಒಳಗೆ ಹೋಗಿ ಚೀಲಕ್ಕೆ ಸೀರೆ ತುಂಬತೊಡಗಿದರು.

"ಮತ್ತ ಆ ಮೀಟರ್?" ಎಂದೆ.

"ಇರ್ಲಿ ಬಿಡು. ಮುಂಜಾನಿ ಮೊದಲ್ನೇ ಬಸ್ಸು ಎಷ್ಟಕ್ಕ ಐತಿ, ಅದನ್ನ ಹೇಳು."