ಒಂದು ಪ್ರತಿ ಜಿನೀವಾಕ್ಕೆ

ರಾಮಕುಂಜದ ನಮ್ಮ ಅತ್ತೆಗೆ ಪಕ್ಕದ ಪೇಟೆ ಕಡಬ ದೂರ, ಜಿನೀವಾ ಹತ್ತಿರ! ನಂಬಿಕೆ ಬರದಿದ್ದರೆ ಅವರ ಪತ್ರಗಳ ಕೊನೆಯ ಸಾಲು ನೋಡಿ. ಬಸ್ಸು ನಿಲ್ಲಿಸದ ಕಂಡಕ್ಟರನ ಮೇಲಿನ ದೂರಿರಲಿ, ಕೆಟ್ಟ ಬೀದಿದೀಪದ ಅರ್ಜಿಯಿರಲಿ, ಅಡಿಯಲ್ಲಿ ಗೆರೆ ಎಳೆದು ‘ಪ್ರತಿ: ಮಾನವ ಹಕ್ಕುಗಳ ಸಮಿತಿ, ಜಿನೀವಾ’ ಎಂದು ಬರೆಯುತ್ತಾರೆ. ದೇಶಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದಗಳನ್ನು ಕಾಯುವವರು ಅಲ್ಲಿ ಕೂರುತ್ತಾರಂತೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕಂಡವರ ಪತ್ರಕ್ಕೆಲ್ಲ ಮುದ್ರೆ ಒತ್ತಿದವರು ನಿವೃತ್ತಿಯಾದ ಮೇಲೆ ಸ್ವಂತಕ್ಕೆ ಬರೆಯದೆ ಇರುತ್ತಾರೆಯೇ?

ಮಾವನಿಗೆ ಸಕ್ಕರೆ ಕಾಯಿಲೆ. ಚಹಾಕ್ಕೆ ಅರ್ಧ ಚಮಚ ಸಕ್ಕರೆ ಬೇಡಿ ಬೇಡಿ ಸೋತು ಒಂದು ದಿನ ಗುಡುಗಿದರು: “ಚಿತ್ರಹಿಂಸೆಗೂ ಒಂದು ಸಮಿತಿ ಉಂಟಲ್ಲ? ನಾನೂ ಬರೀತೇನೆ!”

“ಬರೀರಿ ಮಾರಾಯ್ರೆ, ಸ್ಟಾಂಪು ನಾನು ಕೊಡ್ತೇನೆ. ಒಳಗೆ ನಿಮ್ಮ ರಕ್ತದ ರಿಪೋರ್ಟೂ ಇಡಿ,” ಎಂದರು ಅತ್ತೆ. ಮಾವ ಸಪ್ಪೆ ಚಹಾವನ್ನೇ ಕುಡಿದರು.

ನಾವೆಲ್ಲ ನಗುತ್ತಿದ್ದ ಈ ಚಟ ಆಯಿಶಾರ ವಿಷಯದಲ್ಲಿ ಹಟವಾಯಿತು. ಆಯಿಶಾ ಎಂದರೆ ಅತ್ತೆಯ ರವಿಕೆ ಹೊಲಿಯುವ ಟೈಲರ್. ಎಳವೆಯಲ್ಲೇ ಪೋಲಿಯೋ ಬಂದು ಈಗ ಗಾಲಿಕುರ್ಚಿಯಲ್ಲಿ ಓಡಾಟ. ಅಳತೆಗೆಂದು ಅವರು ಬಂದರೆ ಅತ್ತೆಯೇ ಅಂಗಳಕ್ಕಿಳಿದು ನಿಲ್ಲುವುದು ವಾಡಿಕೆ. ಅಂಗವಿಕಲರ ಪಿಂಚಣಿಗಾಗಿ ಆಯಿಶಾ ಪೇಟೆಯ ಕಚೇರಿಯೊಂದಕ್ಕೆ ಹೋಗಿ ಬೆರಳು ಒತ್ತಬೇಕು. ಅದಕ್ಕೋ ಒಂಬತ್ತು ಮೆಟ್ಟಿಲು! ಪ್ರತಿ ಸಲ ಇಬ್ಬರು ಗಂಡಸರು ಕುರ್ಚಿ ಸಮೇತ ಎತ್ತುವುದು, ಜನ ಕಣ್ಣು ಬಿಟ್ಟು ನೋಡುವುದು.

“ಎತ್ತುವಾಗ ಶಾಲು ಹಿಡಿಯುದಾ, ಕುರ್ಚಿ ಹಿಡಿಯುದಾ ಅಕ್ಕ? ನನಗೆ ಆ ಪಿಂಚಣಿಯೇ ಬೇಡ,” ಎಂದರು ಆಯಿಶಾ.

ಅಷ್ಟು ಸಾಕಾಯಿತು. ಅತ್ತೆ ಜಿನೀವಾಕ್ಕೆ ರಿಜಿಸ್ಟರ್ ಪತ್ರ ಹಾಕಿದರು. ಉತ್ತರವೂ ಬಂತು! ಅಂಗವಿಕಲರ ಹಕ್ಕಿನ ಒಪ್ಪಂದಕ್ಕೆ ನಿಮ್ಮ ದೇಶ ಸೇರಿದೆ, ಆದರೆ ಒಬ್ಬೊಬ್ಬರ ದೂರನ್ನು ನಾವು ಕೇಳಲು ಅದು ಇನ್ನೂ ಒಪ್ಪಿಲ್ಲ. ನಿಮ್ಮ ದೇಶದ ಪರಿಶೀಲನೆಯ ಸರದಿ ಬಂದಾಗ ಮಾಹಿತಿ ಕಳಿಸಬಹುದು ಎಂದಿತ್ತು.

“ಅಂದ್ರೆ ಆಗುದಿಲ್ಲ ಅಂತ,” ಎಂದು ಮಾವ ಖುಷಿಪಟ್ಟರು.

“ಅಲ್ಲ, ಬಾಗಿಲು ಉಂಟು, ತೆರೆದಿಲ್ಲ ಅಂತ!”

ಆ ಬಾಗಿಲನ್ನೂ ತೆರೆಯಿರಿ ಎಂದು ಅಂದೇ ದಿಲ್ಲಿಗೆ ಪತ್ರ ಹೋಯಿತು. ಮಾಹಿತಿಯ ತಯಾರಿಯೂ ಶುರುವಾಯಿತು. ಅತ್ತೆ ಮೆಟ್ಟಿಲಿಗೆ ಟೇಪು ಹಿಡಿದರು, ಆಯಿಶಾ ರವಿಕೆ ಅಳತೆಯ ಪುಸ್ತಕದಲ್ಲೇ ಬರೆದುಕೊಂಡರು. ಊರ ಹೆಂಗಸರ ತೋಳು, ಸೊಂಟಗಳ ನಡುವೆ ಸರ್ಕಾರದ ಒಂಬತ್ತು ಮೆಟ್ಟಿಲು! ಜಿನೀವಾಕ್ಕೆಂದು ಬರೆದ ಆ ಮಾಹಿತಿಯ ಒಂದು ಪ್ರತಿ ಕೈಗೆ ಬಂದಾಗ ಕಚೇರಿಯ ಸಾಹೇಬರು ಬೆವರಿದರು.

“ಎಂತ ಮೇಡಂ, ಇಷ್ಟು ಸಣ್ಣ ವಿಷಯ ಅಲ್ಲಿವರೆಗೆ ಯಾಕೆ?”

“ಸಣ್ಣದಾದ್ರೆ ನೀವೇ ಮಾಡಿ ಮುಗಿಸಬಹುದಲ್ಲ!”

ತಿಂಗಳೊಳಗೆ ಮೆಟ್ಟಿಲ ಪಕ್ಕ ಇಳಿಜಾರಿನ ರ‍್ಯಾಂಪು ಆಯಿತು. ಆಯಿಶಾ ಒಬ್ಬರೇ ಹತ್ತಿದರು, ಬೆರಳು ಒತ್ತಿ ಇಳಿದರು. ಆಮೇಲೆ ಏನೂ ಕೆಲಸವಿಲ್ಲದೆ ಮತ್ತೊಮ್ಮೆ ಹತ್ತಿದರು! ನಾವು ಚಪ್ಪಾಳೆ ಹೊಡೆದೆವು, ಮಾವ ಎಲ್ಲರಿಗಿಂತ ಜೋರಾಗಿ.

ಗೆದ್ದ ಹುರುಪಿನಲ್ಲಿ ಅತ್ತೆ ಎಲ್ಲರನ್ನೂ ಮನೆಗೆ ಕರೆತಂದರು. “ಬಾ ಆಯಿಶಾ, ಒಳಗೆ ಕೂತು ಚಹಾ ಕುಡಿಯುವ.”

“ಇಲ್ಲಿಗೇ ತನ್ನಿ ಅಕ್ಕ, ಯಾವಾಗಿನ ಹಾಗೆ,” ಎಂದು ಆಯಿಶಾ ಅಂಗಳದಲ್ಲೇ ಉಳಿದರು.

ಅತ್ತೆ ತಮ್ಮ ಜಗಲಿಯ ಐದು ಮೆಟ್ಟಿಲು ನೋಡಿದರು. ಇಪ್ಪತ್ತು ವರ್ಷದ ಸ್ನೇಹದಲ್ಲಿ ಆಯಿಶಾ ಒಮ್ಮೆಯೂ ಒಳಗೆ ಬಂದಿರಲಿಲ್ಲ. ಯಾವ ಸಾಹೇಬನಿಗೂ ಬಗ್ಗದ ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟರು.

“ನನ್ನ ಮೇಲೆ ಯಾಕೆ ನೀನು ಬರೀಲಿಲ್ಲ ಆಯಿಶಾ?”

ಮರುದಿನವೇ ಮೇಸ್ತ್ರಿ ಬಂದ. ಮುಂದಿನ ತಿಂಗಳು ನಾನು ಹೋದಾಗ ರವಿಕೆಯ ಅಳತೆ ಅಡುಗೆಮನೆಯಲ್ಲಿ ನಡೆಯುತ್ತಿತ್ತು, ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

“ಅಣ್ಣನದ್ದೂ ಒಂದು ದೂರು ಉಂಟಲ್ಲ ಅಕ್ಕ,” ಎಂದರು ಆಯಿಶಾ ಟೇಪು ಸುತ್ತುತ್ತಾ. “ಇವತ್ತೊಂದು ದಿನ ಅರ್ಧ ಚಮಚ ಹಾಕಿ.”

ಅತ್ತೆ ಸಕ್ಕರೆ ಡಬ್ಬಿ ತೆಗೆದು ಮಾವನ ಲೋಟಕ್ಕೆ ಹಾಕಿದರು.