ಬೆಕ್ಕಿಗಾಗಿ ಹುಬ್ಬು ಬೋಳಿಸಿಕೊಂಡ ಭಾವ

ನಮ್ಮ ಭಾವನಿಗೆ ಸಾಯಲು ಬರುವುದಿಲ್ಲ ಎಂದು ಯಾರೂ ಆಡಿಕೊಳ್ಳುವಂತಿರಲಿಲ್ಲ. ಅಷ್ಟು ತಯಾರಿ ಮಾಡಿಕೊಂಡಿದ್ದರು! ಅದೂ ನಮ್ಮ ಪುರೋಹಿತರು ಹೇಳುವ ಕ್ರಮದಲ್ಲಲ್ಲ, ಮೂರು ಸಾವಿರ ವರ್ಷದ ಹಿಂದಿನ ಈಜಿಪ್ಟಿನವರ ಕ್ರಮದಲ್ಲಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ಅಮೆರಿಕದ ಲಿವರ್‌ಮೋರ್‌ನಲ್ಲಿ ಎಂಜಿನಿಯರು. ಎಂಬತ್ತರ ದಶಕದಲ್ಲಿ ನಾನು ಓದಲೆಂದು ಬಂದವಳು, ಕೆಲಸ ಸಿಕ್ಕಮೇಲೂ ಅವರ ಮನೆಯಲ್ಲೇ ಬೀಡುಬಿಟ್ಟಿದ್ದೆ. ಭಾವನಿಗೆ ಭಯವಿಲ್ಲದ ವಸ್ತುವೇ ಈ ಭೂಮಿಯ ಮೇಲೆ ಇರಲಿಲ್ಲ. ಫ್ರೀವೇ ಸೇರುವ ಮುಂಚೆ ಕಾರು ನಿಲ್ಲಿಸಿ ಶ್ಲೋಕ ಹೇಳುವರು. ಹಿಂದಿನ ಕಾರಿನವರು ಹಾರ್ನ್ ಬಾರಿಸಿ ಮಂಗಳಾರತಿ ಮಾಡುವರು. ಲಿಫ್ಟೆಂದರೆ ಭಯ, ಭೂಕಂಪವೆಂದರೆ ಭಯ, ಊರಿನಿಂದ ಬರುವ ಫೋನೆಂದರೆ ಎಲ್ಲಕ್ಕಿಂತ ಭಯ. ನಾನೇನು ಕಡಿಮೆ? ಹುಟ್ಟು ಪುಕ್ಕಲಿ. ಮನೆಗೆ ಬೇಕಾದ ಧೈರ್ಯವನ್ನೆಲ್ಲ ಅಕ್ಕ ಒಬ್ಬಳೇ ಇಟ್ಟುಕೊಂಡಿದ್ದಳು.

ಇಂಥ ಭಾವ ಒಂದು ಭಾನುವಾರ ಸ್ಯಾನ್ ಹೋಸೆಯ ಮ್ಯೂಸಿಯಂ ಒಂದರಲ್ಲಿ ಈಜಿಪ್ಟಿನ ಮಮ್ಮಿಯನ್ನು ನೋಡಿದರು. ನಾನು ಅಕ್ಕನ ಸೀರೆ ಸೆರಗಿನ ಹಿಂದೆ ಅವಿತುಕೊಂಡಿದ್ದೆ. ಭಾವ ಮಾತ್ರ ಗಾಜಿಗೆ ಮೂಗು ತಾಗಿಸಿ ಅರ್ಧ ಗಂಟೆ ಅಲ್ಲಾಡಲಿಲ್ಲ.

"ಎಷ್ಟು ನೀಟಾಗಿ ಪ್ಯಾಕಿಂಗು ಮಾಡಿದಾರೆ ನೋಡೇ," ಎಂದರು ಅಕ್ಕನಿಗೆ. "ಇವರಿಗೂ ನನ್ನ ಹಾಗೇ ಭಯ ಇತ್ತು. ಆದರೆ ಸುಮ್ಮನೆ ಕೂರಲಿಲ್ಲ, ಏರ್ಪಾಟು ಮಾಡಿಕೊಂಡರು."

ಅಷ್ಟೇ. ಮರುದಿನದಿಂದ ಲೈಬ್ರರಿಯ ಪುಸ್ತಕಗಳು ಮನೆಗೆ ಬರತೊಡಗಿದವು, ನಮ್ಮ ಊಟದ ರುಚಿ ಹೊರಟುಹೋಯಿತು. ಭಾವ ಸಾರನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಾ, ಹೆಣದ ಮಿದುಳನ್ನು ಮೂಗಿನಿಂದ ಕೊಕ್ಕೆ ಹಾಕಿ ಎಳೆಯುವ ಕ್ರಮ ವಿವರಿಸುವರು. ಕರುಳು, ಜಠರ, ಪಿತ್ತಜನಕಾಂಗ, ಶ್ವಾಸಕೋಶ, ಇವನ್ನು ನಾಲ್ಕು ಜಾಡಿಗಳಲ್ಲಿ ಇಡುತ್ತಿದ್ದರಂತೆ. ನಮ್ಮ ಅಡಿಗೆಮನೆಯ ಶೆಲ್ಫಿನಲ್ಲೂ ಉಪ್ಪಿನಕಾಯಿಯ ಜಾಡಿಗಳು ಸರಿಯಾಗಿ ನಾಲ್ಕೇ ಇದ್ದದ್ದು ನನ್ನ ದುರದೃಷ್ಟ. ಆರು ತಿಂಗಳು ನಾನು ಮೊಸರನ್ನಕ್ಕೆ ಏನೂ ನೆಂಚಿಕೊಳ್ಳಲಿಲ್ಲ! ನಮ್ಮೂರಲ್ಲೇ ಮಗನ ಮನೆಯಲ್ಲಿದ್ದ ಹುಬ್ಬಳ್ಳಿಯ ಅಜ್ಜಿಯೊಬ್ಬರು ಒಮ್ಮೆ ಊಟಕ್ಕೆ ಬಂದವರು ಕೊಕ್ಕೆಯ ಪ್ರಕರಣವನ್ನು ಪೂರ್ತಿ ಕೇಳಿ, "ನಿಮ್ಮ ಮಿದುಳು ಯಾವಾಗ ತಗದ್ರಿಪಾ?" ಎಂದು ಕೇಳಿ ಹೋಳಿಗೆ ಮುರಿದರು.

ಇದನ್ನೂ ಸಹಿಸಬಹುದಿತ್ತು. ಆದರೆ ಪಕ್ಕದ ಮನೆಯ ಅಮೆರಿಕನ್ ಮುದುಕಿಯ ಬೆಕ್ಕು ಸತ್ತಿತು. ಈಜಿಪ್ಟಿನಲ್ಲಿ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳುತ್ತಿದ್ದರಂತೆ. ಒಂಟಿ ಮುದುಕಿಗೆ ಜೊತೆಯಾಗಿ ದುಃಖಿಸುವವರು ಯಾರಿದ್ದಾರೆ? ಭಾವ ಬೆಳಿಗ್ಗೆ ಶೇವಿಂಗಿಗೆ ಹೋದವರು ಎರಡೂ ಹುಬ್ಬು ತೆಗೆದುಬಿಟ್ಟರು. ಮೂರು ವರ್ಷದ ಮಗಳು ಪುಟ್ಟಿ, "ಡ್ಯಾಡಿ, ವೇರ್ ಡಿಡ್ ದೇ ಗೋ?" ಎಂದು ಬಚ್ಚಲಿನ ಸಿಂಕಿನಲ್ಲೆಲ್ಲ ಹುಡುಕಿದಳು.

ಅಕ್ಕ ಅಡಿಗೆಮನೆಯಿಂದ ಬಂದು ಆ ಬೋಳು ಮುಖ ನೋಡಿದಳು. ಕೈಯಲ್ಲಿದ್ದ ಸೌಟು ಬಿತ್ತು. ಕ್ಷೌರ ಎಂದರೆ ನಮಗೆ ಒಂದೇ ಅರ್ಥ ತಾನೇ?

"ಯಾರ್ರೀ ಹೋದ್ರು?" ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

"ಪಕ್ಕದ್ಮನೆ ಬೆಕ್ಕು," ಎಂದರು ಭಾವ.

ಅಕ್ಕ ಸೌಟು ಎತ್ತಿಕೊಂಡು ಒಳಗೆ ಹೋದಳು. ಹುಬ್ಬು ಬರಲು ತಿಂಗಳುಗಟ್ಟಲೆ ಹಿಡಿಯಿತು. ಅಷ್ಟೂ ದಿನ ಭಾವ ಆಫೀಸಿನ ಮೀಟಿಂಗುಗಳಿಗೆ ಪುಟ್ಟಿಯ ಕಪ್ಪು ಕ್ರೇಯಾನಿನಲ್ಲಿ ಹುಬ್ಬು ಬರೆದುಕೊಂಡು ಹೋದರು.

ಹುಬ್ಬು ಬಂದಮೇಲೆ ಎದೆನೋವು ಬಂತು. ಬೈಪಾಸ್ ಆಗಲೇಬೇಕು, ತಡಮಾಡುವಂತಿಲ್ಲ ಎಂದರು ಡಾಕ್ಟರು. ಆಪರೇಷನ್ ಚೆನ್ನಾಗಿಯೇ ಆಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ; ನಿಮ್ಮನ್ನು ಸುಮ್ಮನೆ ಹೆದರಿಸಲಾರೆ. ಆದರೆ ನಮಗೆ ಆವತ್ತು ಹಾಗೆ ಮೊದಲೇ ಹೇಳುವವರು ಯಾರೂ ಇರಲಿಲ್ಲ. ಭಾವ ರಾತ್ರಿಯೆಲ್ಲ ನಿದ್ದೆಯಿಲ್ಲದೆ, ಒಂದು ಕೈ ಎದೆಯ ಮೇಲಿಟ್ಟುಕೊಂಡೇ ಇರುತ್ತಿದ್ದರು.

"ಈಜಿಪ್ಟಿನವರು ಎಲ್ಲಾ ತೆಗೀತಿದ್ರು ಕಣಮ್ಮ, ಹೃದಯ ಒಂದನ್ನ ಮುಟ್ತಿರಲಿಲ್ಲ," ಎಂದರು ನನಗೆ. "ಇವರು ಅದಕ್ಕೇ ಕೈ ಹಾಕ್ತಾರಂತೆ."

ಅಕ್ಕ ಭಾವನ ಪಕ್ಕ ಕೂರಬೇಕಿತ್ತು; ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಗೆ ಕಾರು ಓಡಿಸಿದವಳು ನಾನೇ. ಪುಟ್ಟಿಯನ್ನು ಹುಬ್ಬಳ್ಳಿಯ ಅಜ್ಜಿಯ ಬಳಿ ಬಿಟ್ಟು ಹೊರಟೆವು. ಸಮುದ್ರದ ಮೇಲಿನ ಬೇ ಬ್ರಿಜ್ಜಿನಲ್ಲಿ ನಾನು ಕಾರನ್ನು ಎಷ್ಟು ತೆವಳಿಸಿದೆನೆಂದರೆ, ಭಾವ ತಮ್ಮ ಹೃದಯವನ್ನು ಮರೆತು ನನಗೆ ಧೈರ್ಯ ಹೇಳಿದರು.

ಅವರನ್ನು ಗಾಲಿಮಂಚದ ಮೇಲೆ ಮಲಗಿಸಿದಮೇಲೆ ಗೌನಿನೊಳಗಿನಿಂದ ಮಡಿಚಿದ ಕಾಗದವೊಂದು ಹೊರಬಂತು. ಈಜಿಪ್ಟಿನವರ ಪಟ್ಟಿ ಅದು: ಸತ್ತವನು ದೇವತೆಗಳ ಮುಂದೆ ನಿಂತು, ನಾನು ಇಂಥ ತಪ್ಪು ಮಾಡಲಿಲ್ಲ, ಅಂಥ ತಪ್ಪು ಮಾಡಲಿಲ್ಲ ಎಂದು ಒಂದೊಂದಾಗಿ ಒಪ್ಪಿಸಬೇಕಂತೆ. ಆಮೇಲೆ ಅವನ ಹೃದಯವನ್ನು ಒಂದು ಗರಿಯ ಎದುರು ತೂಗುತ್ತಾರಂತೆ. ಭಾರವಾದರೆ ಅಲ್ಲಿಗೆ ಮುಗಿಯಿತು. ಮತ್ತೆ ಎಚ್ಚರವಾಗದಿದ್ದರೆ ಹೇಳಲು ಸಮಯವಿರುವುದಿಲ್ಲವಲ್ಲ ಎಂದು ಭಾವ ಈಗಲೇ ಶುರುಮಾಡಿದರು.

"ನಾನು ಕದಿಯಲಿಲ್ಲ. ಯಾರಿಗೂ ನೀರು ತಡೆಯಲಿಲ್ಲ. ಮಕ್ಕಳ ಬಾಯಿಂದ ಹಾಲು ಕಸಿಯಲಿಲ್ಲ." ತಲೆ ಎತ್ತಿ ಅಕ್ಕನನ್ನು ನೋಡಿದರು. "ಪುಟ್ಟಿ ಚಾಕೊಲೇಟ್ ಹಾಲು ಒಂದ್ಸಲ ಕುಡಿದುಬಿಟ್ಟಿದ್ದೆ."

"ಅವಳೇ ಬೇಡ ಅಂದಿದ್ದಳು. ಮುಂದೆ ಹೇಳಿ," ಎಂದಳು ಅಕ್ಕ.

ಭಾವ ಕಾಗದವನ್ನು ಎದೆಯ ಮೇಲೆ ಮುಚ್ಚಿಟ್ಟು ನನ್ನ ಕಡೆ ತಿರುಗಿದರು.

"ಇದೊಂದು ಸಾಲು ನಿನ್ನ ಮುಂದೆ ಹೇಳಕ್ಕಾಗಲ್ಲಮ್ಮ."

ನಾನು ಕಾಗದ ತೆಗೆದು ನೋಡಿದೆ. 'ನಾನು ಯಾರ ಕಣ್ಣಲ್ಲೂ ನೀರು ತರಿಸಲಿಲ್ಲ' ಎಂದಿತ್ತು.

ನನಗೆ ತಕ್ಷಣ ಅರ್ಥವಾಯಿತು. ನಾನು ಅಮೆರಿಕಕ್ಕೆ ಬಂದ ವರ್ಷವೇ ಊರಿನಲ್ಲಿ ನಮ್ಮ ಅಪ್ಪ ಹೋದರು. ಅಕ್ಕ ತುಂಬಿದ ಬಸುರಿ. ತಂತಿ ಭಾವನ ಕೈಗೆ ಬಂತು. ಅವರು ಅದನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ನಮಗೆ ಗೊತ್ತಾಗುವಷ್ಟರಲ್ಲಿ ಅಲ್ಲಿ ಎಲ್ಲವೂ ಮುಗಿದಿತ್ತು. ಅಕ್ಕ ಅತ್ತು, ಬೈದು, ಕ್ಷಮಿಸಿದಳು. ನಾನು ಕ್ಷಮಿಸಿರಲಿಲ್ಲ. ಒಂದೇ ಮನೆಯಲ್ಲಿದ್ದು, ಅವರ ಈಜಿಪ್ಟನ್ನು ಗೇಲಿ ಮಾಡುತ್ತಾ, ಆ ಮಾತನ್ನು ಒಂದು ದಿನವೂ ಎತ್ತಿರಲಿಲ್ಲ.

"ಹೇಳಬೇಕು ಅಂತ ನಿನ್ನ ರೂಮಿನ ಬಾಗಿಲ ತನಕ ಬರ್ತಿದ್ದೆ," ಎಂದರು ಭಾವ. "ನೀನು ನಗ್ತಾ ಇರ್ತಿದ್ದೆ. ಭಯ ಆಗಿ ವಾಪಸ್ ಹೋಗ್ತಿದ್ದೆ."

ನರ್ಸು ಬಂದು ಹೊತ್ತಾಯಿತೆಂದಳು. ಆ ಭಾರ ಇಟ್ಟುಕೊಂಡು ಅವರನ್ನು ಒಳಗೆ ಹೇಗೆ ಕಳಿಸಲಿ? ನಾನು ಅವರ ಕೈ ಹಿಡಿದುಕೊಂಡೆ.

"ನಾನು ಅತ್ತಿದ್ದು ಅಪ್ಪ ಹೋದರು ಅಂತ. ನಿಮ್ಮಿಂದ ಅಲ್ಲ. ಹೇಳಿ ಭಾವ, ನಾನು ಯಾರ ಕಣ್ಣಲ್ಲೂ ನೀರು ತರಿಸಲಿಲ್ಲ."

ಅವರು ಪಾಠ ಒಪ್ಪಿಸುವವರಂತೆ ನಿಧಾನವಾಗಿ ಹೇಳಿದರು. ಮಂಚ ಉರುಳತೊಡಗಿತು. ಅವರು ಕತ್ತೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ಈಗತಾನೇ ಆಡಿದ ಮಾತು ಸುಳ್ಳಾಗಬಾರದಲ್ಲ. ಬಾಗಿಲು ಮುಚ್ಚಿಕೊಳ್ಳುವವರೆಗೂ ನಾನು ಅಳಲಿಲ್ಲ.