ವೆಂಕಟೇಶಪ್ಪನ ಸೋಡ ಫ್ಯಾಕ್ಟರಿ

ವೆಂಕಟೇಶಪ್ಪ ಇನ್ನೂ ಮುಖ ತೊಳೆದಿರಲಿಲ್ಲ, ಫೋನು ಬಡಿದುಕೊಂಡಿತು. ಮಾತಾಡಿದವರು ಕಲ್ಪನ ಮೇಡಂ, ಹಿಂದುಳಿದ ಊರುಗಳ ಸಣ್ಣ ಉದ್ಯಮಗಳಿಗೆ ನೆರವು ಕೊಡುವ ಅಧಿಕಾರಿ. "ಮಧ್ಯಾಹ್ನ ನಿಮ್ಮ ಘಟಕ ನೋಡೋಕೆ ಬರ್ತೀವಿ. ತಯಾರಿ ಏನೂ ಬೇಡ, ಇರೋ ಹಾಗೇ ಇರಲಿ" ಎಂದು ಫೋನಿಟ್ಟರು.

ಇರುವ ಹಾಗೆ ಎಂದರೆ ಇರುವುದೇನು? ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಬೆನ್ನು ಹಚ್ಚಿ ಕೂತ ಊರಿನ ಕೊನೆಯಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ಗೋಲಿ ಸೋಡ ಮಾಡುವ ಮಿಷನ್ನು, ಗ್ಯಾಸ್ ಸಿಲಿಂಡರು, ಬಾಟಲಿಗಳ ಕ್ರೇಟುಗಳು. ಕರೆಂಟು ಬರುವುದೂ ಹೋಗುವುದೂ ಬೆಕ್ಕಿನ ಹಾಗೆ, ಯಾರಿಗೂ ಹೇಳಿ ಅಲ್ಲ. ರಸ್ತೆಯಂತೂ ಟೆಂಪೋದವನು ಕೈ ಮುಗಿದು ವಾಪಸು ಹೋಗುವಂಥದ್ದು.

ಸೋಡ ಮಾತ್ರ ಚೆನ್ನಾಗಿತ್ತು. ಅದನ್ನು ಮಾರುತ್ತಿದ್ದ ರಾಬರ್ಟ್‌ಸನ್‌ಪೇಟೆಯ ಅಂಗಡಿಯ ಮುನಿಶಾಮಿಯೂ ತನ್ನ ತಮಿಳು ಬೆರೆತ ಕನ್ನಡದಲ್ಲಿ ಅದನ್ನೇ ಹೇಳಿ ಹೆದರಿಸಿದ್ದ: "ಅಣ್ಣಾ, ಸೋಡ ಸೂಪರ್. ಆದ್ರೆ ಒಂದಿನ ಇರುಕ್ಕು, ಒಂದಿನ ಇಲ್ಲೆ ಅಂದ್ರೆ ಎಂಗೆ? ಕರೆಂಟ್ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಕಂಪೆನಿ ಕೂಲ್‌ಡ್ರಿಂಕೇ ಇಡ್ತೀನಿ."

ಶೆಡ್ಡಿಗೊಂದು ಸರಿಯಾದ ಲೈನು ಕೊಡಿ ಎಂದು ವೆಂಕಟೇಶಪ್ಪ ಕಂಡ ಕಂಡವರಲ್ಲಿ ಗೋಗರೆದಿದ್ದ. ಇವತ್ತು ಆ ಭಾಗ್ಯ ನಡೆದು ಬರುವುದರಲ್ಲಿತ್ತು. ಸುದ್ದಿಯನ್ನು ಹೆಂಡತಿ ರೂಪಳಿಗೆ ಮಾತ್ರ, ಅದೂ ಪಿಸುಮಾತಿನಲ್ಲಿ ಹೇಳಿದ. ಅವನು ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಅರ್ಧ ಊರು ಶೆಡ್ಡಿನ ಮುಂದಿತ್ತು.

ಪಕ್ಕದ ಮನೆಯ ಬಚ್ಚಪ್ಪ ಮುಂದೆ ಬಂದ. ಅವನಿಗೆ ತಿಳಿಯದ ವಿಷಯ ಜಗತ್ತಿನಲ್ಲಿರಲಿಲ್ಲ. "ಲೇ ಎಂಕಟೇಸ, ಮೇಡಂ ಬಂದಾಗ ಮಿಷನ್ ಓಡ್ತಿರ್ಬೇಕು ಕಣ್ಲಾ. ನಿಂತೋಗಿರೋ ಫ್ಯಾಕ್ಟ್ರಿಗೆ ಯಾವನ್ಲಾ ಲೈನ್ ಕೊಡ್ತಾನೆ?"

ಊರಿಗೆಲ್ಲ ಹಿರಿಯಳಾದ ಪೆದ್ದಮ್ಮ ಎಲೆಅಡಿಕೆ ಉಗಿದು, "ನಿಂತಿದ್ರೇ ಸರಿ ಕಣಪ್ಪ. ಕಷ್ಟ ಕಂಡ್ರೆ ತಾನೇ ಕರುಳು ಕರಗೋದು" ಎಂದಳು.

"ಇರೋ ಅಂಗೇ ಇರ್ಲಿ ಅಂತ ಮೇಡಮ್ಮೇ ಏಳವ್ರಲ್ಲ?" ಎಂದಳು ರೂಪ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು.

"ಓಗ್ಲಿ ಬಿಡ್ಲಾ, ನಾನಿಲ್ವಾ?" ಎಂದು ಬಚ್ಚಪ್ಪ ತನ್ನ ಹಳೇ ಸೈಕಲ್ ತಂದ. ಹಿಂದಿನ ಟೈರು ಬಿಚ್ಚಿ, ಗಾಲಿಯಿಂದ ಮಿಷನ್ನಿನ ಚಕ್ರಕ್ಕೆ ಬೆಲ್ಟು ಬಿಗಿದ. ಸ್ಟ್ಯಾಂಡ್ ಹಾಕಿ ಹತ್ತಿ ಕೂತು ತುಳಿದದ್ದೇ ತಡ, ಬೆಲ್ಟು ಚಂಗನೆ ಹಾರಿ, ಬಾಗಿಲಲ್ಲಿ ಕಟ್ಟಿದ್ದ ಪೆದ್ದಮ್ಮನ ಎಮ್ಮೆಯ ಕೊರಳಿಗೆ ಹಾರವಾಗಿ ಬಿತ್ತು. ಸನ್ಮಾನ ಅಭ್ಯಾಸವಿಲ್ಲದ ಎಮ್ಮೆ ಹಗ್ಗ ಕಿತ್ತುಕೊಂಡು ಕ್ರೇಟುಗಳ ಮೇಲೆ ನುಗ್ಗಿತು. ಬಾಟಲಿಗಳು ಪಟಪಟನೆ ಸಿಡಿದವು. ಎಮ್ಮೆ ಇನ್ನೂ ಜೋರಾಗಿ ಓಡಿತು. ಅದರ ಹಿಂದೆ ಪೆದ್ದಮ್ಮ, ಪೆದ್ದಮ್ಮನ ಹಿಂದೆ, ಬೆಲ್ಟಿಗಾಗಿ, ವೆಂಕಟೇಶಪ್ಪ.

ಎರಡನೇ ಸಲ ಬೆಲ್ಟು ಹಾರದೆ ನಿಂತಿತು, ಆದರೆ ಪೈಪು ಕಳಚಿ ಬಚ್ಚಪ್ಪನಿಗೆ ತಲೆಯಿಂದ ಕಾಲಿನವರೆಗೆ ಸೋಡ ಸ್ನಾನವಾಯಿತು. ಮೂರನೇ ಸಲ ಮಿಷನ್ನು ಗುರ್ರೆಂದು ಓಡತೊಡಗಿತು. ನೀರೆತ್ತುವ ಮೋಟರೂ ಸತ್ತಿದ್ದರಿಂದ ಹೆಂಗಸರು ಬಾವಿಯಿಂದ ಶೆಡ್ಡಿಗೆ ಸಾಲು ನಿಂತು ಬಿಂದಿಗೆ ದಾಟಿಸಿದರು.

ಸರಿಯಾಗಿ ಆಗಲೇ ಕಲ್ಪನ ಮೇಡಂ ಬಂದರು. ಕಾರು ಮುರಿದ ಮೋರಿಯ ಹತ್ತಿರವೇ ನಿಂತುಬಿಟ್ಟಿದ್ದರಿಂದ ಚಪ್ಪಲಿ ಕೈಯಲ್ಲಿ ಹಿಡಿದು ಬಂದಿದ್ದರು. ಹಿಂದೆ ಒಬ್ಬ ಫೋಟೋಗ್ರಾಫರು. ಬಾಗಿಲಲ್ಲಿ ನಿಂತ ಮೇಡಂ, ಘಾಟಿ ಹತ್ತುವ ಲಾರಿಯಂತೆ ಬುಸುಗುಡುತ್ತಿದ್ದ ಬಚ್ಚಪ್ಪನನ್ನೂ ಬಿಂದಿಗೆ ಸಾಲನ್ನೂ ಕಣ್ಣರಳಿಸಿ ನೋಡಿದರು.

ವೆಂಕಟೇಶಪ್ಪ ಟಪ್ಪೆಂದು ಗೋಲಿ ಒತ್ತಿ ಸೋಡ ಕೊಟ್ಟು, ಪೆದ್ದಮ್ಮನ ಸಲಹೆಯೂ ವ್ಯರ್ಥವಾಗದಿರಲೆಂದು ದನಿ ನಡುಗಿಸಿದ. "ಕರೆಂಟೇ ಇರಲ್ಲ ಮೇಡಂ."

"ಕರೆಂಟೇ ಇಲ್ಲದೆ ಇಷ್ಟು ಮಾಡ್ತೀರಾ!"

"ರೋಡೂ ಇಲ್ಲ ಮೇಡಂ. ತಲೆ ಮೇಲೆ ಒತ್ಕೊಂಡು ಮೈನ್ ರೋಡ್ ತನ್ಕ ಓಗ್ತೀವಿ."

"ಅಂದ್ರೆ ಡೀಸೆಲ್ ಹೊಗೆನೂ ಇಲ್ಲ!" ಮೇಡಂ ಫೋಟೋಗ್ರಾಫರ ಕಡೆ ತಿರುಗಿದರು. "ತೆಗೀರಿ, ತೆಗೀರಿ. ಇಂಥದ್ದನ್ನೇ ಅಲ್ವಾ ನಾವು ಹುಡುಕ್ತಿದ್ದಿದ್ದು?"

ವೆಂಕಟೇಶಪ್ಪನ ಎದೆ ಉಬ್ಬಿತು. ಬಚ್ಚಪ್ಪ ತುಳಿಯುತ್ತಲೇ ಅವನಿಗೆ ಕಣ್ಣು ಹೊಡೆದ. ಮೇಡಂ ಫೋನು ತೆಗೆದು ಯಾರಿಗೋ ಹೇಳಿದರು: "ಆ ಕಂಬದ ಲಾರಿ ಮೈನ್ ರೋಡಲ್ಲೇ ಇದೆಯಾ? ತಿರುಗಿಸಿ ಬೇರೆ ಊರಿಗೆ ಕಳಿಸಿಬಿಡಿ."

"ಯಾವ್ ಕಂಬ ಮೇಡಂ?"

"ನಿಮಗೇ ಅಂತ ಮಂಜೂರಾಗಿತ್ತು. ಇವತ್ತೇ ಲೈನ್ ಎಳೆಸೋಣ ಅಂತ ಜೊತೇಲೇ ತಂದಿದ್ದೆ."

ವೆಂಕಟೇಶಪ್ಪ ಎರಡೂ ಕೈ ಮುಗಿದ. "ಮತ್ಯಾಕ್ ಮೇಡಂ ವಾಪಸ್ಸು? ಎಳ್ಸ್‌ಬಿಡಿ ಮೇಡಂ!"

"ಛೆ, ಕರೆಂಟ್ ಕೊಟ್ರೆ ನೀವೂ ಎಲ್ಲರ ಥರಾನೇ ಆಗಿಬಿಡ್ತೀರಿ. ಕರೆಂಟು, ರೋಡು ಯಾವುದೂ ಬೇಡದ ಉದ್ಯಮ ಇದು! ಇನ್ಮೇಲೆ ಇಡೀ ಜಿಲ್ಲೆಗೇ ಮಾದರಿ. ನಾಳೆಯಿಂದ ಬೇರೆ ತಾಲ್ಲೂಕಿನೋರು ನೋಡೋಕೆ ಬರ್ತಾರೆ, ಎಲ್ಲಾ ಹೀಗೇ ಇರಬೇಕು."

ರೂಪ ಗಂಡನನ್ನು ನೋಡಿದಳು. ಗಂಡ ಬಚ್ಚಪ್ಪನನ್ನು ನೋಡಿದ. ಬಚ್ಚಪ್ಪ ಕೆಳಗೆ ನೋಡಿಕೊಂಡು ಇನ್ನಷ್ಟು ಜೋರಾಗಿ ತುಳಿದ.

ಫೋಟೋಗ್ರಾಫರು ಎಲ್ಲರನ್ನೂ ಸೇರಿಸಿ ನಿಲ್ಲಿಸಿ, ಮೇಡಂ ನಗು ತಂದುಕೊಳ್ಳುವಷ್ಟರಲ್ಲಿ ಕರೆಂಟು ಬಂತು. ಶೆಡ್ಡಿನ ಬಲ್ಬು ಝಗ್ಗನೆ ಉರಿಯಿತು.

"ಅಯ್ಯೋ," ಎಂದರು ಮೇಡಂ, "ಯಾರಾದ್ರೂ ಅದನ್ನ ಆರಿಸ್ರಪ್ಪ, ಫೋಟೋದಲ್ಲಿ ಬಂದುಬಿಡತ್ತೆ."

ಸ್ವಿಚ್ಚಿಗೆ ಎಲ್ಲರಿಗಿಂತ ಹತ್ತಿರವಿದ್ದವನು ವೆಂಕಟೇಶಪ್ಪನೇ.